ಹನಿ ಬೀಳುವವರೆಗೆ

ವೈಶಾಖದ ಬಿಸಿಲು, ಮಧ್ಯಾಹ್ನ ಮೂರು ಗಂಟೆ. ಪುಣೆಯ ನಮ್ಮ ಚಾಳಿನ ಅಂಗಳದಲ್ಲಿ ಟ್ಯಾಂಕರಿಗಾಗಿ ಖಾಲಿ ಹಂಡೆಗಳು ಸಾಲು ಕೂತಿದ್ದವು. ಹಂಡೆ ಇಟ್ಟವರು ಮನೆಗೆ ಹೋಗಬಹುದು, ಹಂಡೆಯೇ ಅವರ ಪಾಳಿ ಹಿಡಿದಿರುತ್ತದೆ. ಹಂಡೆ ತೆಗೆದರೆ ಪಾಳಿ ಹೋಯಿತು.

ಮೊಮ್ಮಗಳು ರೇಣು ಗೆಳತಿಯರನ್ನು ಮಾಳಿಗೆಯ ನಮ್ಮ ಖೋಲಿಗೆ, ಒಲೆಯ ಹತ್ತಿರ ಕರೆತಂದಳು. "ಆಯಿ, ಮಳಿ ಹ್ಯಾಂಗ ಆಗತದ? ಬುಕ್ಕಿನ್ಯಾಗ ಬರೇ ಬಾಣದ ಗುರ್ತ ಅದಾವ."

ನಾನು ಕಲಿತದ್ದು ಎರಡನೆಯ ಇಯತ್ತೆ, ಅದೂ ಕನ್ನಡದಲ್ಲಿ. ಆದರೆ ಒಲೆಯ ಮುಂದೆ ಅರವತ್ತು ವರ್ಷ ಕಳೆದವಳಿಗೆ ಹಬೆ ಗೊತ್ತಿಲ್ಲವೇ? ಎಲ್ಲರಿಗೂ ಕಾಣುವಂತೆ ತೋರಿಸಲು ದೊಡ್ಡ ಪಾತ್ರೆ ಬೇಕಿತ್ತು. ಸಾಲಿನಲ್ಲಿ ನಮ್ಮವು ಎರಡು ಹಂಡೆ, ಒಂದು ತೆಗೆದರೆ ನಡೆದೀತು ಅಂದುಕೊಂಡೆ. ಹಂಡೆಗಳ ಮೇಲೆ ಕೆತ್ತಿದ ಹೆಸರೆಲ್ಲ ಮರಾಠಿ ಅಕ್ಷರದವು, ನನಗೆ ಓದಲು ಬಾರದು. ಗಾತ್ರ ನೋಡಿ ಎತ್ತಿಕೊಂಡು ಬಂದೆ.

ಎರಡು ಚರಿಗೆ ನೀರು ಕುದಿಸಿ, ಮೇಲೊಂದು ತಣ್ಣನೆಯ ತಾಟು ಓರೆಯಾಗಿ ಹಿಡಿದೆ. "ಇದು ಸಮುದ್ರ. ಹಬಿ ಮ್ಯಾಲ ಹೋಗತದ, ತಂಪು ತಾಗತದ. ನೋಡ್ರಿ, ಈಗ ಬೀಳತದ."

ಕೆಳಗೆ ಟ್ಯಾಂಕರ್ ಬಂತು. ರಿಕ್ಷಾ ಓಡಿಸುವ ಅಂಬಾದಾಸನ ಗಂಟಲು ಕೇಳಿಸಿತು. "ನನ್ನ ಹಂಡೆ ಯಾವ ಭಾಡ್ಯಾ ತಗದಾ?"

"ನಾನು ಮುಟ್ಟಲಿಲ್ಲ ಮಾರಾಯ್ರೆ!" ಅವನ ಹಿಂದಿನ ಪಾಳಿಯ, ಕ್ಯಾಂಟೀನಿನ ಮೋಹನದಾಸರು.

"ಇಡ್ಲಿ ಮಾರಾಂವ ನನ್ನ ಪಾಳಿ ನುಂಗತಿಯೇನಲೇ?"

ಒಲೆಯ ಮೇಲಿನ ಹಂಡೆ ನೋಡಿದೆ. ನಮ್ಮದರ ಕಂಠದಲ್ಲಿದ್ದ ನೆಗ್ಗು ಇದಕ್ಕಿರಲಿಲ್ಲ, ಇದು ಅವನದು. ತಾಟಿನ ಅಂಚಿನಲ್ಲಿ ಹನಿ ತುಂಬಿ ತೂಗುತ್ತಿತ್ತು, ಮಕ್ಕಳು ಉಸಿರು ಹಿಡಿದಿದ್ದರು. ಇದೊಂದು ಬೀಳಲಿ, ಆಮೇಲೆ ಹೋಗಿ ಹೇಳಿದರಾಯಿತು ಅಂದುಕೊಂಡೆ.

ಬಿತ್ತು. "ಮಳಿ!" ಎಂದು ಚಪ್ಪಾಳೆ ತಟ್ಟಿದರು. ಕೆಳಗೆ ಏನೋ ಒಡೆದ ಸದ್ದಾಯಿತು.

ಬಿಸಿ ಹಂಡೆಯನ್ನೇ ಬಟ್ಟೆಯಲ್ಲಿ ಹಿಡಿದು ಇಳಿದೆ. ಅಂಬಾದಾಸ ಟ್ಯಾಂಕರಿನ ಪೈಪಿನ ಕಬ್ಬಿಣದ ತುದಿಯಿಂದ ಬಡಿಯುತ್ತಿದ್ದ. ಮೋಹನದಾಸರ ಎಡಗಣ್ಣಿದ್ದಲ್ಲಿ ರಕ್ತ. ಕೆಸರಿನಲ್ಲಿ ಎರಡು ಹಲ್ಲು. ನೀರು ಯಾರ ಹಂಡೆಗೂ ಬೀಳದೆ ಗಟಾರಕ್ಕೆ ಹರಿಯುತ್ತಿತ್ತು.

"ನಾ ಒಯ್ದೇನಿ ಅಂಬಾದಾಸ, ನಾ ಒಯ್ದೇನಿ! ಬಿಡೋ!"

ಅವನ ಕೈ ನಿಲ್ಲಲಿಲ್ಲ. ಮೋಹನದಾಸರ ಹೆಂಡತಿ ಹರಿಣಾಕ್ಷಿ ನನ್ನ ಕೈಯಿಂದ ಹಂಡೆ ಕಸಿದು, ಕುದಿನೀರನ್ನು ಅವನ ಮುಖಕ್ಕೆ ಎರಚಿದಳು. ಕೆನ್ನೆಯ ಚರ್ಮ ಹಾಲಿನ ಕೆನೆಯಂತೆ ಸುಕ್ಕಾಗಿ ಜಾರಿತು. ಅವನ ಕೂಗನ್ನು ಮಕ್ಕಳು ಮೆಟ್ಟಿಲ ಮೇಲೆ ನಿಂತು ಕೇಳಿದರು.

ಪೊಲೀಸರಿಗೆ ಎಲ್ಲ ಹೇಳಿದೆ, ಹನಿಗೆ ಕಾದದ್ದನ್ನೂ. ಅವರು ಮರಾಠಿಯಲ್ಲಿ "ಅದು ಬೇಡ ಆಜಿ" ಅಂದು, ಆ ಮಾತು ಬರೆದುಕೊಳ್ಳಲಿಲ್ಲ.

ಮೋಹನದಾಸರ ಕಣ್ಣು ಉಳಿಯಲಿಲ್ಲ. ಜಾಮೀನಿನ ಮೇಲೆ ಬಂದ ಹರಿಣಾಕ್ಷಿ ನನ್ನ ಬಾಗಿಲಲ್ಲಿ ನಿಂತು ಕೇಳಿದಳು, "ಬೊಬ್ಬೆ ಕೇಳಲಿಲ್ವಾ ಅಮ್ಮ ನಿಮಗೆ?"

"ಕೇಳಿತ್ತವ್ವ."

ಬುಧವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಟೆಂಪೊ ಹತ್ತಿ ಚಾಳು ಬಿಟ್ಟು ಹೋದರು.