ಹಾಜಿರಾಳ ನೇರಳೆ ಭರಣಿ

ಹಾಜಿರಾ ಎತ್ತಿದ ಕಲ್ಲನ್ನು ಹೇಗೆಂದರೆ ಹಾಗೆ ಹಾಕಿ ಹೋದದ್ದನ್ನು ಅಕ್ಕೂರಿನಲ್ಲಿ ಯಾರೂ ಕಂಡವರಿಲ್ಲ. ಮಲಗಿದ ಮಗುವಿನ ತಲೆ ಎತ್ತಿ ದಿಂಬು ಸರಿಮಾಡುವವಳ ಹಾಗೆ ಎರಡೂ ಕೈಯಲ್ಲಿ ಎತ್ತುವಳು. ಅಡಿಯ ತಣ್ಣನೆ ಮಣ್ಣನ್ನು ಉಸಿರು ಬಿಗಿಹಿಡಿದು ನೋಡುವಳು. ಆಮೇಲೆ ಯಾವ ಮೈ ಮಣ್ಣಿಗಿತ್ತೋ ಅದೇ ಮೈಯನ್ನು ಮಣ್ಣಿಗೆ, ಯಾವ ಮೂಲೆ ಮೂಡಲಿಗಿತ್ತೋ ಅದೇ ಮೂಲೆಯನ್ನು ಮೂಡಲಿಗೆ ಇಟ್ಟು, ಅಂಗೈಯಿಂದ ಒಮ್ಮೆ ಒತ್ತಿ ಏಳುವಳು. ನಡಿಗೆಯೂ ಅದೇ ಬಗೆಯದು. ಕಿವಿಯೋಲೆ ಕಳೆದುಕೊಂಡವಳಂತೆ ತಲೆ ತಗ್ಗಿಸಿ, ಹೆಜ್ಜೆಗಿಂತ ಮುಂಚೆ ಕಣ್ಣನ್ನು ಊರಿ ನಡೆಯುವುದರಿಂದ, ಎದುರು ಬಂದವರ ಪಾದ ಅವಳಿಗೆ ಮೊದಲು ಪರಿಚಯ, ಮುಖ ಆಮೇಲೆ.

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮೆಹಬೂಬ್ ಸಾಬರ ಮಗಳು ಅವಳು. ಮೈಮೇಲೆ ಅಪ್ಪನ ಹಳೆಯ ಕಂದು ಕೋಟು. ತೋಳಿನ ಅಂಚಿಗೆ ಅರಗಿನ ಕೆಂಪು, ಹಳದಿ ಕಲೆಗಳು ಹಾಗೇ ಉಳಿದಿವೆ. ಆ ಕೋಟಿನ ಜೇಬುಗಳ ತುಂಬ ಹಾಲೆ ಮರದ ಪುಟ್ಟ ಭರಣಿಗಳು, ಮುಚ್ಚಳಕ್ಕೆ ಉಸಿರಾಡುವಷ್ಟೇ ತೂತು. ಮಾಗಡಿಗೆ ಕೆಂಪು, ಕನಕಪುರಕ್ಕೆ ಹಳದಿ, ರಾಮನಗರಕ್ಕೆ ಹಸಿರು, ಅಕ್ಕೂರೂ ಸೇರಿದ ಚನ್ನಪಟ್ಟಣಕ್ಕೆ ನೇರಳೆ. ನೆಲದ ಜೀರುಂಡೆಗಳ ಮೇಲೆ ಅವಳ ಸಂಶೋಧನೆ: ಈ ನಾಲ್ಕು ತಾಲ್ಲೂಕಿನ ಮಣ್ಣಿನಲ್ಲಿ ಯಾವ ಜಾತಿಯದು ಎಲ್ಲೆಲ್ಲಿ ವಾಸಿಸುತ್ತದೆ ಎಂಬುದು.

ಅಕ್ಕೂರಿಗೆ ಬಂದ ಮೊದಲ ದಿನ, ರೇಷ್ಮೆ ಸಾಕುವ ಮನೆಯ ಚಿಕ್ಕಲಕ್ಷ್ಮಮ್ಮ ಆ ಭರಣಿಗಳನ್ನು ಕಂಡು, ಕುಂಕುಮದ ಭರಣಿ ಮಾರುವವಳೆಂದೇ ತಿಳಿದಳು.

"ಏನವ್ವಾ, ಆ ಹಳದೀದು ಎಷ್ಟ್ಕೆ ಕೊಟ್ಟೀಯೆ?" ಎಂದು ಮುಚ್ಚಳ ತೆಗೆದದ್ದೇ, ಬೆನ್ನಮೇಲೆ ಬಿಳಿ ಚುಕ್ಕೆಗಳಿದ್ದ ಕರಿ ಹುಳುವೊಂದು ಮೊಣಕೈವರೆಗೂ ಓಡಿತು. ಅವಳ ಕೂಗಿಗೆ ಹಿಪ್ಪುನೇರಳೆ ತೋಟದಿಂದ ಗಂಡ ಚೆಲುವಯ್ಯ ಬಂದು ನಿಂತು ನಕ್ಕ.

"ಹುಳ ಸಾಕೋರ ಮನೆಗೆ ಹುಳ ಹುಡುಕ್ಕೊಂಡು ಬಂದವ್ಳೆ ಕಣೇ! ಇನ್ನು ನಮ್ ರೇಷ್ಮೆ ಹುಳಾನೂ ಭರಣೀಗೆ ತುಂಬ್ತಾಳೋ ಏನೋ."

"ಅವು ನಿಮಗೇ ಇರ್ಲಿ ಕಾಕಾ. ನಂಗೆ ಕೆಳಗಡೆ ಓಡಾಡೋವು ಸಾಕು," ಎಂದಳು ಹಾಜಿರಾ, ಹುಳುವನ್ನು ಮೆಲ್ಲಗೆ ಬೆರಳಿಗೆ ಹತ್ತಿಸಿಕೊಳ್ಳುತ್ತ.

ಅಂದಿನಿಂದ ಆ ಮನೆಯ ಬಳಕೆ ಬೆಳೆಯಿತು. ತೋಟದ ಬದುವಿನುದ್ದಕ್ಕೂ, ಬಾಯಿ ನೆಲದ ಸಮಕ್ಕೆ ಬರುವಂತೆ ಅವಳು ಲೋಟಗಳನ್ನು ಹೂತಳು. ರಾತ್ರಿ ಓಡಾಡುವ ಜೀರುಂಡೆ ಅದರೊಳಗೆ ಬೀಳಬೇಕು. ಬೇರೆಡೆ, ಬಿದ್ದ ಹುಳು ಸತ್ತು ಕೆಡದಿರಲೆಂದು ಲೋಟಕ್ಕೆ ಔಷಧಿ ಸುರಿದಿಡುವುದುಂಟು, ವಾರಕ್ಕೊಮ್ಮೆ ಬಂದರೆ ಸಾಕು. ಸೊಪ್ಪಿಗೆ ಔಷಧಿಯ ಗಾಳಿ ಸೋಕಿದರೂ ರೇಷ್ಮೆ ಹುಳು ಸಾಯುತ್ತದೆಂದು ಇವಳು ಬರಿಯ ಲೋಟವನ್ನೇ ಇಟ್ಟು, ದಿನವೂ ಮೊದಲ ಬಸ್ಸಿಗೆ ಬರುತ್ತಿದ್ದಳು. ಬಾಲದಿಂದ ಬಿಸಿ ಹೊಗೆ ಚಿಮ್ಮಿಸಿ ಪಟ್ಟೆನ್ನುವುದು, ಇರುವೆಯ ಹಾಗೆ ಉದ್ದ ಕತ್ತಿನದು, ಇದ್ದಿಲ ಚೂರಿನಂಥದು, ಒಂದೊಂದನ್ನೂ ಚಿಕ್ಕಲಕ್ಷ್ಮಮ್ಮನಿಗೆ ತೋರಿಸಿಯೇ ಭರಣಿಗೆ ಹಾಕುವಳು.

ಅವಳಿಗೆ ಬೇಕಾಗಿದ್ದುದು ಬೇರೆ. ಬದುವಿನ ಕಲ್ಲೊಂದರಡಿಯಲ್ಲಿ ಒಮ್ಮೆ ತಾಮ್ರದ ಹೊಳಪಿನ ಜೀರುಂಡೆಯ ಅರ್ಧ ಚಿಪ್ಪು ಸಿಕ್ಕಿತ್ತು. ಆ ಜಾತಿ ಮಾಗಡಿಯ ಸೋಲೂರಿನಲ್ಲಿ ಕಂಡಿತ್ತು, ಕನಕಪುರದ ಕಾಡಂಚಿನಲ್ಲೂ ಕಂಡಿತ್ತು. ಅದಕ್ಕೆ ಹಾರಲು ಬಾರದು, ಅಲ್ಲಿಂದ ಇಲ್ಲಿಗೆ ತಾನಾಗಿ ಬಂದಿರಲಾರದು. ಆದರೆ ಹಕ್ಕಿ ಬೀಳಿಸಿದ ಚಿಪ್ಪೂ ಇರಬಹುದು, ಜೀವಂತ ಒಂದು ಸಿಕ್ಕರಷ್ಟೇ ಅಕ್ಕೂರಿನ ಹೆಸರು ಬರೆಯಿರಿ ಎಂದಿದ್ದರು ಅವಳ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರು. ಇತ್ತ ಚೆಲುವಯ್ಯ ಆ ಬದುವನ್ನು ಕೆತ್ತಿ ಇನ್ನೊಂದು ಸಾಲು ಹಿಪ್ಪುನೇರಳೆ ನೆಡುವ ಯೋಚನೆಯಲ್ಲಿದ್ದ. ಅವಳಿಗಾಗಿ ಈ ಮಳೆಗಾಲ ಮುಗಿಯಲಿ ಎಂದು ತಡೆದಿದ್ದ.

"ಇವತ್ತೂ ಇಲ್ವೇನವ್ವಾ?" ಎಂದು ಚಿಕ್ಕಲಕ್ಷ್ಮಮ್ಮ ಕೇಳುವಳು.

"ಇಲ್ಲ ಅನ್ಬೇಡಿ ಅವ್ವಾ. ಸಿಕ್ಕಿಲ್ಲ ಅನ್ನಿ." ಆ ತಿದ್ದುಪಡಿಯನ್ನು ಹಾಜಿರಾ ಒಂದು ದಿನವೂ ಬಿಟ್ಟವಳಲ್ಲ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಲೋಟಗಳು ಒಮ್ಮೆಲೇ ಬರಿದಾದವು. ತಾಮ್ರದ್ದು ಹಾಗಿರಲಿ, ದಿನವೂ ಬೀಳುತ್ತಿದ್ದ ಕರಿಯವೂ ಬೀಳಲಿಲ್ಲ. ಮಂಡಿಯೂರಿ ಕುಳಿತು ಹಾಜಿರಾ ನೆಲವನ್ನು ಮೂಸಿದಳು. ಪ್ರತಿ ಲೋಟದ ಸುತ್ತ ಮಣ್ಣಿನೊಂದಿಗೆ ಬೆರೆತ ಸಣ್ಣ ಬಿಳಿ ಬಳೆ.

"ನಾನೇ ಕಣವ್ವ," ಎಂದಳು ಚಿಕ್ಕಲಕ್ಷ್ಮಮ್ಮ, ಹಿಗ್ಗಿನಿಂದ. "ಪಾಪ, ಇರುವೆ ಬಿದ್ದು ನಿನ್ ಹುಳ ತಿಂದಾಕ್ತಾವಲ್ಲಾ ಅಂತ, ಹುಳೀನ್ ಮನೆಗೆ ಉದುರ್ಸೋ ಸುಣ್ಣಾನೇ ಒಸಿ ಸುತ್ತ ಬುಟ್ಟೆ."

ಸುಣ್ಣ ಸೋಕಿದ ನೆಲಕ್ಕೆ ಜೀರುಂಡೆಯೂ ಕಾಲಿಡದು. ಹಾಜಿರಾ ಸುಣ್ಣದ ಮಣ್ಣನ್ನು ಕೈಯಾರೆ ಕೆರೆದು ಕೋಟಿನ ಮಡಿಲಿಗೆ ತುಂಬಿಕೊಳ್ಳತೊಡಗಿದಳು. ಅದನ್ನು ಕಂಡು ಚಿಕ್ಕಲಕ್ಷ್ಮಮ್ಮನಿಗೆ ನಡೆದದ್ದು ಅರ್ಥವಾಯಿತು; ಅವಳೂ ಪಕ್ಕದಲ್ಲಿ ಕುಳಿತು ಕೆರೆದಳು. ನೆಲ ಮೊದಲಿನಂತಾಗುವಷ್ಟರಲ್ಲಿ ಆ ವರ್ಷದ ಮಳೆಯೇ ನಿಂತುಹೋಯಿತು; ಇನ್ನು ಮುಂದಿನ ಮಳೆಯವರೆಗೆ ಹುಳು ಹೊರಬಾರವು.

ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಜಗಲಿಗೆಲ್ಲ ಕೇಳಿಸಿತು: ಅಕ್ಕೂರಿನ ಹೆಸರಿನ ಮುಂದೆ 'ಇಲ್ಲ' ಅಂತ ಬರೆದು ಮುಗಿಸಿಬಿಡಿ, ಈ ವರ್ಷವೇ ಪದವಿ ಆಗುತ್ತದೆ.

"ಸುಣ್ಣ ಇತ್ತು ಅಂತ ಹುಳ ಬರ್ಲಿಲ್ಲ ಸಾರ್. ಹುಳಾನೇ ಇಲ್ಲ ಅಂತ ಹೆಂಗ್ ಬರೀಲಿ? ಬರುದ್ಬಿಟ್ರೆ ಆಮೇಲೆ ಯಾರೂ ಇಲ್ಲಿ ಹುಡುಕಲ್ಲ. ಮುಂದಿನ್ ಮಳೇಗೆ ಮತ್ತೆ ನೋಡ್ತೀನಿ."

"ನನ್ ದೆಸೆಯಿಂದ ನಿನ್ನೋದು ಒಂದ್ವರ್ಸ ಹಿಂದಕ್ಕೋಯ್ತಲ್ಲವ್ವ," ಎಂದು ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗಿಟ್ಟಳು.

"ಹೋಗ್ಲಿ ಬಿಡಿ ಅವ್ವಾ, ಇನ್ನೊಂದ್ವರ್ಷ ನಿಮ್ಮನೆ ಮುದ್ದೆ ಸಿಕ್ತು," ಎಂದು ಹಾಜಿರಾ ನಕ್ಕಳು. ಲೋಟಗಳನ್ನು ಕಿತ್ತು, ಆಯಾ ಗುಂಡಿಗೆ ಅದೇ ಮಣ್ಣು ತುಂಬಿ, ಹೋಗುವ ಮುಂಚೆ ಖಾಲಿ ನೇರಳೆ ಭರಣಿಯೊಂದನ್ನು ಮುಂದಿನ ಮಳೆಗೆಂದು ಅವರ ಮನೆ ಗೋಡೆಯ ಗೂಡಿನಲ್ಲಿಟ್ಟಳು.

ಮಾರನೆಯ ಬೆಳಗ್ಗೆ ಚೆಲುವಯ್ಯ ಗುದ್ದಲಿ ಹೆಗಲಿಗೇರಿಸಿದ. "ಮಳೆಗಾಲ ಮುಗೀತು. ಹುಳ ಇಲ್ಲ ಅಂದ್ಮೇಲೆ ಆ ಬದ ಯಾಕೆ?"

"ಇಲ್ಲ ಅನ್ಬ್ಯಾಡಿ," ಎಂದಳು ಚಿಕ್ಕಲಕ್ಷ್ಮಮ್ಮ, ಭರಣಿಯ ಧೂಳೊರೆಸುತ್ತ. "ಇನ್ನೂ ಸಿಕ್ಕಿಲ್ಲ."

ಅವನು ಹೆಂಡತಿಯನ್ನೂ ಗೂಡನ್ನೂ ನೋಡಿದ. ಗುದ್ದಲಿ ಮೂಲೆಗೆ ಹೋಯಿತು.

ತಮ್ಮ ಕಣ್ಣಿಗೆ ಬೀಳದ್ದನ್ನು ಲೋಕದಲ್ಲೇ ಇಲ್ಲವೆನ್ನಲು ನಾಲಗೆ ಹೊರಳದ ಜನ ಇವರು. ಇಂಥವರ ಕೆಲಸ ತಡವಾಗುತ್ತದೆ, ಹೊರಗಿನವರಿಗೆ ಹುಚ್ಚಾಗಿಯೂ ತೋರುತ್ತದೆ. ಆದರೆ ಅವರು ಹಾದುಹೋದ ದಾರಿಯಲ್ಲಿ ಕಲ್ಲುಗಳು ತಮ್ಮ ಜಾಗದಲ್ಲೇ ಇರುತ್ತವೆ. ಕಲ್ಲಿನಡಿಯ ತಂಪು, ಅಲ್ಲಿ ಯಾರಾದರೂ ಬದುಕಿದ್ದರೆ ಅವರಿಗಾಗಿ, ಕೆಡದೆ ಉಳಿದಿರುತ್ತದೆ.