ಔಷಧಿ ಆಗಿಬರದ ಮಗಳು

ಆ ಮನೆಗೆ ಯಾವ ನೆಂಟರು ಬಂದರೂ, ಕೂತು ಎರಡು ಗುಟುಕು ನೀರು ಕುಡಿಯುವುದರೊಳಗೆ ಆ ಕಥೆ ಬಂದೇ ಬರುತ್ತಿತ್ತು. ಮಗಳಿಗೆ ಆಗ ಐದು ವರ್ಷ. ಗಂಟಲು ನೋವು, ಜ್ವರ. ಡಾಕ್ಟರು ಪೆನ್ಸಿಲಿನ್ ಜಾತಿಯ ಒಂದು ಸಿರಪ್ ಬರೆದುಕೊಟ್ಟರು. ಕುಡಿಸಿದ ಎರಡನೆಯ ದಿನ ಮೈಮೇಲೆ ಕೆಂಪು ದದ್ದು ಎದ್ದಿತು. ತಾಯಿ ತಕ್ಷಣ ಔಷಧಿ ನಿಲ್ಲಿಸಿದಳು, ಮಗು ಉಳಿಯಿತು. ಇಷ್ಟೇ ಕಥೆ. ಆದರೆ ನೆಂಟರಿಷ್ಟರು ಇಷ್ಟಕ್ಕೇ ಸುಮ್ಮನಾಗುವ ಪೈಕಿಯೇ? ಮೊದಲ ವರ್ಷ ಬೆನ್ನ ಮೇಲಷ್ಟೇ ಇದ್ದ ದದ್ದು ಮರುವರ್ಷ ಮುಖಕ್ಕೆ ಹತ್ತಿತು. ಮಗಳು ಹೈಸ್ಕೂಲು ಸೇರುವಷ್ಟರಲ್ಲಿ ತುಟಿ ಊದಿಕೊಂಡಿತ್ತು. ಅವಳು ಕೆಲಸಕ್ಕೆ ಸೇರುವ ಹೊತ್ತಿಗೆ ಗಂಟಲು ಕಟ್ಟಿ, ಮೈ ನೀಲಿಗಟ್ಟಿ, ಉಸಿರೇ ನಿಂತುಹೋಗಿತ್ತು. ಇನ್ನೊಂದು ಹತ್ತು ವರ್ಷ ಬಿಟ್ಟರೆ ಮಗು ಸತ್ತೇ ಹೋಗಿ ಎದ್ದು ಬಂತು ಎನ್ನುತ್ತಿದ್ದರೋ ಏನೋ.

ತಾಯಿ ಇದನ್ನೆಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿ ಕೂರುತ್ತಿದ್ದಳು. ನಾಚಿಕೆ ಎಂದುಕೊಳ್ಳುತ್ತಿದ್ದರು ಜನ. ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು. ಆಕೆ ಮಾಡಿದ ಅಡುಗೆಯಲ್ಲಿ ಅತ್ತೆಗೆ ಸದಾ ಉಪ್ಪು ಹೆಚ್ಚೋ ಕಡಿಮೆಯೋ ಆಗಿರುತ್ತಿತ್ತು, ಆಕೆಯ ಕೈ ಒರಟು ಎಂದು ನಾದಿನಿಯರು ಮುಖ ಸಿಂಡರಿಸುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: "ತಾಯಿ ಅಂದ್ರೆ ಹಾಗಿರ್ಬೇಕಮ್ಮ. ಕಣ್ಣಲ್ಲಿ ಕಣ್ಣಿಟ್ಟು ಕಾದಳು." ಅಷ್ಟು ಸಿಹಿಯಾದ ಮಾತನ್ನು ಯಾರು ತಾನೇ ಬೇಡವೆನ್ನುತ್ತಾರೆ?

ಈಗ ಮಗಳಿಗೆ ಮೂವತ್ತಾರು. ಕಟ್ಟಿಸಿದ ಹಲ್ಲಿನ ಸೆಟ್ಟು ತಯಾರಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ. ಎರಡು ವರ್ಷದಿಂದ ಹೊಟ್ಟೆನೋವು. ಹೊಟ್ಟೆಯೊಳಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಮನೆಮಾಡಿದೆ, ಅದರಿಂದಲೇ ಹುಣ್ಣಾಗಿದೆ ಎಂದರು. ಹದಿನಾಲ್ಕು ದಿನ ಮಾತ್ರೆ ನುಂಗಿದಳು, ಅದು ಜಪ್ಪಯ್ಯ ಅನ್ನಲಿಲ್ಲ. ಔಷಧಿ ಬದಲಿಸಿ ಮತ್ತೆ ಹದಿನಾಲ್ಕು ದಿನ. ವಾಂತಿ ಮಾಡಿಕೊಳ್ಳುತ್ತಲೇ ಕೊನೆಯ ಮಾತ್ರೆಯವರೆಗೂ ನುಂಗಿದಳು. ಆಗಲೂ ಹೋಗಲಿಲ್ಲ. ಹೋದ ತಿಂಗಳು ಕೆಲಸದ ಮೇಜಿನ ಮುಂದೆಯೇ ಕುಸಿದುಬಿದ್ದಳು. ಹುಣ್ಣಿನಿಂದ ರಕ್ತ ಸೋರಿತ್ತು, ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಅವಳ ಅಪ್ಪ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋದವನು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಯಾರೂ ಮರೆತಿರಲಿಲ್ಲ.

ಅವತ್ತು ಬೆಳಿಗ್ಗೆ ಡಾಕ್ಟರಮ್ಮ ಹೊಸ ವರದಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಮತ್ತೆ ಕತ್ತಲಲ್ಲಿ ಕಲ್ಲು ಹೊಡೆಯೋದು ಬೇಡ ಅಂತ ಹೊಟ್ಟೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೆ. ಯಾವ ಔಷಧಿಗೆ ಇದು ಸಾಯುತ್ತೆ, ಯಾವುದಕ್ಕೆ ಬಗ್ಗಲ್ಲ ಅನ್ನೋದು ಇದರಲ್ಲಿದೆ." ಪೆನ್ನಿನ ತುದಿಯನ್ನು ಒಂದೊಂದೇ ಸಾಲಿನ ಮೇಲೆ ಸರಿಸಿದರು. ಮೊದಲ ಸಲ ಕೊಟ್ಟ ಎರಡು ಔಷಧಿಗೂ ಅದು ಬಗ್ಗುವುದಿಲ್ಲ. ಮುಂದೆ ಕೊಡೋಣವೆಂದು ಅವರು ಇಟ್ಟುಕೊಂಡಿದ್ದ ಇನ್ನೊಂದಕ್ಕೂ ಬಗ್ಗುವುದಿಲ್ಲ. ಕೊನೆಯ ಸಾಲಿನ ಹತ್ತಿರ ಪೆನ್ನು ನಿಂತಿತು. "ಅಮಾಕ್ಸಿಸಿಲಿನ್‌ಗೆ ಚೆನ್ನಾಗಿ ಸಾಯುತ್ತೆ. ಆದ್ರೆ ಅದು ಪೆನ್ಸಿಲಿನ್ ಜಾತಿದು. ನಿಮಗೆ ಆಗಲ್ಲ ಅಂತ ಫೈಲಿನ ಮೇಲೇ ಕೆಂಪಕ್ಷರದಲ್ಲಿ ಬರೆದಿದೆ."

"ಹೂಂ, ಚಿಕ್ಕಂದಿನಿಂದ್ಲೂ," ಎಂದಳು ಮಗಳು.

"ನಿಜವಾಗ್ಲೂ ಆಗಲ್ವಾ ಅಂತ ನೋಡ್ಬೇಕು. ಚಿಕ್ಕಂದಿನಲ್ಲಿ ಹಾಗೆ ಬರೆಸ್ಕೊಂಡ ಎಷ್ಟೋ ಜನಕ್ಕೆ ದೊಡ್ಡವರಾದ್ಮೇಲೆ ಏನೂ ಆಗಲ್ಲ. ಬರೀ ದದ್ದು ಎದ್ದಿತ್ತು ಅಂದ್ರೆ ಇಲ್ಲೇ ಒಂದು ಡೋಸ್ ಕೊಟ್ಟು, ಒಂದು ಗಂಟೆ ಕೂರಿಸ್ಕೊಂಡು ನೋಡಬಹುದು. ಆವತ್ತು ಏನೇನಾಯ್ತು?"

ಮಗಳು ಬಾಯಿ ತೆರೆಯುವಷ್ಟರಲ್ಲಿ ತಾಯಿ ಶುರುಮಾಡಿಯಾಗಿತ್ತು. "ಅವಳಿಗೇನು ನೆನಪಿರುತ್ತೆ ಡಾಕ್ಟ್ರೇ, ಐದು ವರ್ಷದ ಕೂಸು!" ಬಾಯಿಪಾಠವಾಗಿದ್ದ ಕಥೆ, ತಡೆಯುವವರಿಲ್ಲದೆ ಹರಿಯಿತು. ದದ್ದು ಬಂತು, ತುಟಿ ಬಂತು, ಗಂಟಲೂ ಬಂತು.

"ಉಸಿರು ಕಟ್ಟಿತ್ತಾ? ನೀವೇ ನೋಡಿದ್ರಾ ಅಮ್ಮಾ?"

"ಈ ಕಣ್ಣಾರೆ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ಇಲ್ಲಿ ಕೊಡೋ ಧೈರ್ಯ ನನಗಿಲ್ಲ. ಅಲರ್ಜಿ ಪರೀಕ್ಷೆ ಮಾಡೋ ದೊಡ್ಡ ಆಸ್ಪತ್ರೆಗೆ ಪತ್ರ ಕೊಡ್ತೀನಿ. ಅಲ್ಲಿ ಸರದಿ ಬರೋಕೆ ಐದಾರು ತಿಂಗಳಾಗುತ್ತೆ."

"ಅಲ್ಲೀವರೆಗೆ?" ಮಗಳು ಕೇಳಿದಳು.

"ಹುಣ್ಣು ಮತ್ತೆ ರಕ್ತ ಕಾರದ ಹಾಗೆ ಆಸಿಡ್ ಕಡಿಮೆ ಮಾಡೋ ಮಾತ್ರೆ. ಈ ಬ್ಯಾಕ್ಟೀರಿಯಾ ಹಾಗೇ ಉಳಿದ್ರೆ ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ನಿಮ್ಮ ತಂದೆಯವರ ವಿಷಯ ಗೊತ್ತಿದ್ದೂ ನಿಮ್ಮನ್ನ ಕಾಯ್ಸೋಕೆ ನನಗಿಷ್ಟ ಇಲ್ಲ. ಆದ್ರೆ ಏನು ಮಾಡ್ಲಿ?"

ಪತ್ರ ಟೈಪಾಗುವವರೆಗೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಮಗಳು ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಂಡಿದ್ದಳು. ಬಣ್ಣ ಇಳಿದ ಮುಖ. ಅವಳಪ್ಪನೂ ಕೊನೆಕೊನೆಗೆ ಹೀಗೆಯೇ ಕೈ ಒತ್ತಿಕೊಂಡು ಕೂರುತ್ತಿದ್ದ.

ಮೂವತ್ತೊಂದು ವರ್ಷದ ಹಿಂದೆ ನಿಜವಾಗಿ ನಡೆದದ್ದು ಏನೆಂದು ಭೂಮಿಯ ಮೇಲೆ ಗೊತ್ತಿದ್ದವಳು ತಾಯಿ ಒಬ್ಬಳೇ. ಲಾಂಡ್ರಿಯಲ್ಲಿ ಹಳೆಯದಾಯಿತೆಂದು ಬಿಸಾಡಿದ್ದ ಚಾದರವೊಂದನ್ನು ಮನೆಗೆ ತಂದಿದ್ದಳು. ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದ್ದ ಅದನ್ನು ಮೂರು ಸಲ ಜಾಲಿಸಬೇಕಿತ್ತು. ಅಂದು ಕೈಲಾಗದೆ ಒಂದೇ ಸಲ ಜಾಲಿಸಿ ಒಣಗಿಸಿ, ಜ್ವರದ ಮಗುವನ್ನು ಅದರ ಮೇಲೆ ಮಲಗಿಸಿದಳು. ಬೆಳಿಗ್ಗೆ ಚಾದರ ತಾಗಿದ ಕಡೆಯಲ್ಲೆಲ್ಲ ಕೆಂಪು. ಚಾದರವನ್ನು ಮೂಗಿಗೆ ಹಿಡಿದ ಕೂಡಲೇ ಗೊತ್ತಾಯಿತು, ಬ್ಲೀಚಿಂಗ್ ಪುಡಿ ಹೋಗಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತು, "ಏನು ಮಾಡಿದ್ಯೇ ಮಗೂಗೆ?" ಎಂದರು. ಆಕೆಯ ಕೈಗೆ ಸಿಕ್ಕಿದ್ದು ಔಷಧಿಯ ಬಾಟಲಿ. "ಇದು ಆಗಿಬರಲಿಲ್ಲ ಅತ್ತೆ," ಎಂದುಬಿಟ್ಟಳು. ಆ ಮನೆಗೆ ಕಾಲಿಟ್ಟ ಮೇಲೆ ಅತ್ತೆ ಆಕೆಯ ಭುಜ ತಟ್ಟಿದ್ದು ಅದೇ ಮೊದಲು.

ಇನ್ನೂ ಒಂದಿದೆ. ಎರಡು ದಿನವಾದರೂ ಜ್ವರ ಇಳಿಯದಾಗ ಹೆದರಿ, ಅಡಗಿಸಿಟ್ಟಿದ್ದ ಅದೇ ಬಾಟಲಿಯನ್ನು ಅತ್ತೆಯ ಕಣ್ಣು ತಪ್ಪಿಸಿ ಖಾಲಿಯಾಗುವವರೆಗೂ ಮಗುವಿಗೆ ಕುಡಿಸಿದ್ದಳು. ಒಂದು ದದ್ದೂ ಏಳಲಿಲ್ಲ. ಹಾಗಾಗಿ ಅರಿಯದೆ ಆದ ತಪ್ಪು ಎನ್ನುವ ಹಾಗೂ ಇರಲಿಲ್ಲ.

"ಪುಟ್ಟೀ," ಎಂದಳು. "ಅದು ಔಷಧಿಯಿಂದ ಎದ್ದದ್ದಲ್ಲ ಕಣೆ."

"ಯಾವುದು?"

ಹೇಳಿದಳು. ಚಾದರದಿಂದ ಹಿಡಿದು ಖಾಲಿ ಬಾಟಲಿಯವರೆಗೆ, ನೆಲ ನೋಡಿಕೊಂಡೇ ಹೇಳಿದಳು. ಮುಗಿದ ಮೇಲೆ ಮಗಳು, ಸೆಟ್ಟಿನ ಒಂದೊಂದೇ ಹಲ್ಲನ್ನು ಅಲ್ಲಾಡಿಸಿ ನೋಡುವವಳ ಹಾಗೆ ಕೇಳಿದಳು.

"ತುಟಿ ಊದಿದ್ದು?"

"ಇಲ್ಲ."

"ಉಸಿರು?"

"ಚೆನ್ನಾಗೇ ಆಡ್ತಿತ್ತು."

"ನಡಿ ಒಳಗೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಟಲಿಯಲ್ಲಿ ಎಷ್ಟು ಉಳಿದಿತ್ತು, ಎಷ್ಟು ದಿನ ಕುಡಿಸಿದಿರಿ ಎಂದು ಎರಡೆರಡು ಸಲ ಕೇಳಿ ಬರೆದುಕೊಂಡರು. "ಒಳ್ಳೇದಾಯ್ತು ಹೇಳಿದ್ದು," ಎಂದರು. ನರ್ಸ್ ಬಂದು ಮಗಳಿಗೆ ಒಂದು ಕ್ಯಾಪ್ಸೂಲ್ ನುಂಗಿಸಿ, ತೋಳಿನವರೆಗೂ ರವಿಕೆಯ ಕೈ ಮಡಿಸಿಕೊಳ್ಳಲು ಹೇಳಿದಳು. ಕೆಮ್ಮು ಬಂದರೆ, ತುರಿಸಿದರೆ ಕೂಡಲೇ ಕರೆಯಬೇಕು. ಒಂದು ಗಂಟೆ.

ಇಬ್ಬರೂ ಮತ್ತೆ ಹೊರಗಿನ ಬೆಂಚಿಗೆ ಬಂದು ಕೂತರು.

"ಹಾಸ್ಟೆಲಿಗೆ ಸೀಟು ಸಿಕ್ಕಿತ್ತು ನಂಗೆ," ಎಂದಳು ಮಗಳು, ಗೋಡೆ ನೋಡುತ್ತ. "ನೀನು ಕಳಿಸಲಿಲ್ಲ. ಅಲ್ಲಿ ಯಾರಾದ್ರೂ ಗೊತ್ತಿಲ್ದೆ ಆ ಔಷಧಿ ಕೊಟ್ಟುಬಿಟ್ರೆ ಗತಿ ಏನು ಅಂತ ಅಳೋಕೆ ಶುರು ಮಾಡ್ದೆ. ಅಪ್ಪ ಹೂಂ ಅಂದಿದ್ರೂ ನೀನು ಅಳು ನಿಲ್ಲಿಸ್ಲಿಲ್ಲ."

"ಹೌದು."

"ಆಗ ನಿಂಗೆ ಗೊತ್ತಿತ್ತಲ್ಲ ಅಮ್ಮ."

ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ ಎನ್ನಬಹುದಿತ್ತು. ಅದು ಅರ್ಧ ನಿಜವೂ ಆಗಿತ್ತು. ಆದರೆ ಅರ್ಧ ನಿಜಗಳು ಆಕೆಗೆ ಅವತ್ತಿಗೆ ಸಾಕಾಗಿ ಹೋಗಿದ್ದವು. "ಗೊತ್ತಿತ್ತು. ನೀನು ಬಿಟ್ಟು ಹೋಗೋದು ನಂಗೆ ಬೇಕಿರ್ಲಿಲ್ಲ."

ಮಗಳು ಮುಖ ಆಚೆ ತಿರುಗಿಸಿದಳು. ಅಳುತ್ತಿದ್ದಾಳೋ ಇಲ್ಲವೋ ತಾಯಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಬೆತ್ತಲೆ ತೋಳು ಮಾತ್ರ ಕಾಣುತ್ತಿತ್ತು. ಅದನ್ನೇ ನೋಡುತ್ತ ಕೂತಳು. ಮೊಣಕೈಯ ಹತ್ತಿರ ಒಂದು ಚುಕ್ಕೆ ಕಂಡ ಹಾಗಾಯಿತು. ಬಗ್ಗಿದಳು. ಹಳೆಯ ಮಚ್ಚೆ. ಆಕೆಗೆ ಆದದ್ದು ಸಮಾಧಾನವಲ್ಲ, ನಿರಾಸೆ. ಒಂದೇ ಒಂದು ದದ್ದು ಎದ್ದುಬಿಟ್ಟರೆ, ಸಣ್ಣದು, ಒಂದೇ ಒಂದು, ತಾನು ಮೂವತ್ತೊಂದು ವರ್ಷ ಹೇಳಿದ್ದು ಸುಳ್ಳಾಗುವುದಿಲ್ಲವಲ್ಲ. ಆ ಯೋಚನೆ ಮನಸ್ಸಿಗೆ ಬಂದದ್ದು ಗೊತ್ತಾದಾಗ ಆಕೆಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೆತ್ತ ಹೊಟ್ಟೆಯಿಂದ ಇಂಥ ಆಸೆಯೇ?

ತಲೆ ಎತ್ತಿದರೆ ಮಗಳು ತನ್ನನ್ನೇ ನೋಡುತ್ತಿದ್ದಾಳೆ.

"ಅಮ್ಮ, ಏಳಲಿ ಅಂತ ನೋಡ್ತಿದ್ದೀಯಾ?"

'ಬಿಡ್ತು ಅನ್ನು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಕೆ ಅದನ್ನು ನುಂಗಿಕೊಂಡಳು.

"ಒಂದ್ ನಿಮಿಷ ಹಾಗನ್ನಿಸ್ತು ಕಣೆ."

ಗಡಿಯಾರದ ಮುಳ್ಳು ತನ್ನ ಪಾಡಿಗೆ ತಾನು ಸರಿಯಿತು. ನರ್ಸ್ ಬಂದು ತೋಳು, ಕುತ್ತಿಗೆ, ಬೆನ್ನು ಎಲ್ಲ ತಿರುಗಿಸಿ ನೋಡಿ, ನಾಲಿಗೆ ಚಾಚಿಸಿ, "ಏನೂ ಇಲ್ಲ. ಡಾಕ್ಟರು ಕರೀತಿದ್ದಾರೆ, ಒಳಗೆ ಹೋಗಿ," ಎಂದಳು.

ತಾಯಿ ಅಭ್ಯಾಸಬಲದಿಂದ ಚೀಲ ಎತ್ತಿಕೊಂಡು ಎದ್ದಳು. ಮಗಳು ರವಿಕೆಯ ಕೈ ಕೆಳಗಿಳಿಸಿಕೊಂಡು, ಫೈಲನ್ನು ತಾಯಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ನೀನು ಇಲ್ಲೇ ಕೂತಿರಮ್ಮ. ನಾನೊಬ್ಳೇ ಹೋಗ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಒಳಗೆ ಡಾಕ್ಟರಮ್ಮ ಏನೋ ಕೇಳುತ್ತಿದ್ದರು, ಮಗಳು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಳು. ಏನು ಹೇಳುತ್ತಿದ್ದಾಳೆಂದು ಹೊರಗೆ ಕೂತ ತಾಯಿಗೆ ಕೇಳಿಸಲಿಲ್ಲ.