ಬಂಪರಿನೊಳಗಿನ ಕಾವಲುಗಾರ

ನನ್ನ ಮುಖ ಕಂಡವರು ಕಡಿಮೆ. ಕಾರಿನ ಹಿಂದಿನ ಬಂಪರಿನೊಳಗೆ, ಎಡಮೂಲೆಯಲ್ಲಿ ಅಂಗೈಯಗಲದ ಕಪ್ಪು ಡಬ್ಬಿಯಾಗಿ ಕುಳಿತ ಪುಟ್ಟ ರೇಡಾರ್ ನಾನು. ಬಲಮೂಲೆಯಲ್ಲಿ ನನ್ನ ತಮ್ಮನಿದ್ದಾನೆ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದೆವು, ಮಾತುಕತೆ ಮಾತ್ರ ಇಲ್ಲ.

ಕಣ್ಣಿಗೆ ಕಾಣದ ಅಲೆಗಳನ್ನು ಹಿಂದಕ್ಕೂ ಪಕ್ಕಕ್ಕೂ ಬಿಡುವುದು ನನ್ನ ಕೆಲಸ. ಪ್ಲಾಸ್ಟಿಕ್ ಬಂಪರನ್ನು ಅವು ಸಲೀಸಾಗಿ ದಾಟುತ್ತವೆ. ಲಾರಿಗೋ ಸ್ಕೂಟರಿಗೋ ತಾಗಿ ಮರಳಿದರೆ ಪಕ್ಕದ ಕನ್ನಡಿಯಲ್ಲಿ ಹಳದಿ ದೀಪ ಹೊತ್ತಿಸುತ್ತೇನೆ. ಕನ್ನಡಿಗೂ ಸಿಗದ, ಚಾಲಕರ ಕಣ್ಣಿಗೂ ಬೀಳದ ಆ ಮೂಲೆಯೇ ನನ್ನ ರಾಜ್ಯ. ನಿಂತ ಕಂಬ, ನಿಂತ ಎಮ್ಮೆಗಳನ್ನು ಲೆಕ್ಕಕ್ಕಿಡಬೇಡ ಎಂದು ಕಲಿಸಿ ಕಳಿಸಿದ್ದರು. ಎಮ್ಮೆಯನ್ನೇಕೆ ಬಿಡಬೇಕೆಂದು ನನಗಿನ್ನೂ ಅರ್ಥವಾಗಿಲ್ಲ.

ಮೊದಲ ಯಜಮಾನರು ಬೆಳಗಾವಿಯ ವಕೀಲರು. ಪೇಟೆಯಲ್ಲಿ ಬೈಕುಗಳು ಮುತ್ತಿಕೊಂಡಾಗ ನನ್ನ ದೀಪ ಆರುತ್ತಲೇ ಇರಲಿಲ್ಲ. "ಸಾಕಾತು ಇದರ ಕಾಟ" ಎಂದು ನನ್ನನ್ನು ಬಂದ್ ಮಾಡಿಟ್ಟರು. ಕಡೆಗೆ ಕಾರನ್ನೇ ಮಾರಿದರು.

ಕೊಂಡವರು ಹುಬ್ಬಳ್ಳಿಯ ನೀಲವ್ವ. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ತಾವೇ ಮುಟ್ಟಿಸುವವರು. ವರ್ಷಗಟ್ಟಲೆ ಬಗ್ಗಿ ರೊಟ್ಟಿ ಬಡಿದು ಅವರ ಕುತ್ತಿಗೆ ತಿರುಗುತ್ತಿರಲಿಲ್ಲ. ಮಾರುವಾಗ ನನ್ನನ್ನು ಮತ್ತೆ ಚಾಲೂ ಮಾಡಿದ್ದರು. ನನ್ನ ದೀಪ ಕಂಡದ್ದೇ, "ಇದs ಗಾಡಿ ಬೇಕ್ ನನಗ. ನನ್ನ ಬದ್ಲಿ ಇದು ಹೊಳ್ಳಿ ನೋಡ್ತೈತಿ" ಅಂದರು. ನನಗೆ ಕೋಡು ಮೂಡಿದಂತಾಯಿತು.

ಅವರ ಗಂಡ ಮಲ್ಲೇಶಪ್ಪನವರಿಗೆ ಕಾರಿಗೆ ಗೀರು ಬಿದ್ದರೆ ಊಟ ಸೇರದು. ಒಂದು ದಿನ ಕಾಯಿ ಒಡೆದು, ಹಿಂದಿನ ಬಂಪರಿಗೆ ಥಳಥಳಿಸುವ ಸ್ಟೀಲ್ ಗಾರ್ಡ್ ಹಾಕಿಸಿದರು. ಅಗಲವಾದ ಪಟ್ಟಿ ನನ್ನ ನೇರಕ್ಕೇ ಬಂತು. ಸ್ಟೀಲನ್ನು ನನ್ನ ಅಲೆ ದಾಟದು. ಬಿಟ್ಟದ್ದೆಲ್ಲ ನನ್ನ ಮೂಗಿಗೇ ಬಡಿಯಿತು. ನಾನು ಕುರುಡಾದೆ. ಅದನ್ನು ನೀಲವ್ವನಿಗೆ ಹೇಗೆ ಹೇಳಲಿ? ದೀಪ ಹೊತ್ತದಿದ್ದರೆ, ಪಕ್ಕದಲ್ಲಿ ಯಾರೂ ಇಲ್ಲವೆಂದೇ ಅವರ ನಂಬಿಕೆ.

ಮರುದಿನ ಗೋಕುಲ ರಸ್ತೆಯಲ್ಲಿ ಅವರು ಕನ್ನಡಿ ನೋಡಿದರು. ದೀಪವಿಲ್ಲ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರು. ಹಾರ್ನ್, ಚೀರಾಟ, ಬ್ರೇಕು ಎಲ್ಲ ಒಟ್ಟಿಗೇ ಕೇಳಿದವು. ಸ್ಕೂಟರೊಂದು ರಸ್ತೆಯಿಂದಿಳಿದು ಜಲ್ಲಿಯಲ್ಲಿ ಜಾರಿ ನಿಂತಿತು. ಓಡಿಸುತ್ತಿದ್ದವಳು ಕೂಸನ್ನು ಎದೆಗೆ ಕಟ್ಟಿಕೊಂಡಿದ್ದಳು.

"ಬಾಜೂಕ ನಾ ಇದ್ನಲ್ರಿ ಅವ್ವಾರ! ಕಾಣ್ಲಿಲ್ಲೇನ್?"

"ದೀಪ ಹತ್ತಲಿಲ್ಲವ್ವಾ..." ಎಂದರು ನೀಲವ್ವ. ಇಳಿದು ಬಂದು ಕೂಸಿನ ತಲೆ ಸವರಿದರು. ನಾನಿದ್ದೂ ಇಲ್ಲದಂತಾಗಿದ್ದೆ. ಅಷ್ಟು ದುಃಖ ನನಗೆ ಎಂದೂ ಆಗಿರಲಿಲ್ಲ.

ಮನೆಗೆ ಬಂದು ಕೀಲಿಯನ್ನು ಗಂಡನ ಕೈಗಿಟ್ಟರು. "ಇನ್ನ ನಾ ಗಾಡಿ ಹೊಡ್ಯಾಂಗಿಲ್ರಿ."

ನಡೆದದ್ದನ್ನು ಕೇಳಿ ಮಲ್ಲೇಶಪ್ಪ ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತರು. "ಮೊನ್ನೆ ಮಟಾ ಹತ್ತತಿತ್ತು. ಹೊಸಾದು ಅಂದ್ರ ಇದೊಂದs" ಎನ್ನುತ್ತ ತಾವೇ ಪಾನಾ ಹಿಡಿದು ಗಾರ್ಡ್ ಬಿಚ್ಚಿದರು. "ಗಾಡಿ ಉಳಸಾಕ್ ಹೋಗಿ ನಿನ್ನ ಕಣ್ಣಿಗೆ ಬಟ್ಟಿ ಕಟ್ಟಿದ್ನಲ್ಲ" ಅಂದರು.

ನೀಲವ್ವ ಕೆಲ ದಿನ ಕೀಲಿ ಮುಟ್ಟಲಿಲ್ಲ. ಮತ್ತೆ ಕುಳಿತಾಗ ಹೊಸ ರೂಢಿಯೊಂದು ಶುರುವಾಯಿತು. ಇಂಡಿಕೇಟರ್ ಹಾಕಿ, ತಡೆದು, ಸೊಂಟದಿಂದಲೇ ಇಡೀ ಮೈ ತಿರುಗಿಸಿ ಹಿಂದೆ ನೋಡುತ್ತಾರೆ. ನನ್ನ ದೀಪ ಹೊತ್ತಿದರೂ ಅಷ್ಟೇ, ಹೊತ್ತದಿದ್ದರೂ ಅಷ್ಟೇ. ಮೊದಮೊದಲು ನನಗೆ ಅವಮಾನವೆನಿಸಿತ್ತು.

ಈಗ ವಯಸ್ಸಾಗಿದೆ. ಕೆಸರು ಮೆತ್ತಿದರೆ ಮಂಕು ಕವಿಯುತ್ತದೆ, ಬಿರುಸಾಗಿ ಬರುವ ಬೈಕು ನನಗೆ ತಡವಾಗಿ ತಿಳಿಯುತ್ತದೆ. ಆದರೂ ನೀಲವ್ವ ನೋವು ನುಂಗಿ ಹೊರಳಿದಾಗಲೆಲ್ಲ ಅವರಿಗೆ ಏನು ಕಾಣುತ್ತದೋ ಎಂಬ ಕುತೂಹಲ ನನಗೆ. ಅಲ್ಲೇನೋ ಇದೆ ಎಂದಷ್ಟೇ ನಾನು ಬಲ್ಲೆ. ಯಾರಿದ್ದಾರೆಂದು ಕಾಣುವುದು ತಿರುಗಿ ನೋಡಿದವರಿಗೆ ಮಾತ್ರ.